ತುಂಬಿದ ಮನೆ, ತೇವದ ಊರು: ಮರದ ಸಾಮಾನುಗಳನ್ನು ಕಾಪಾಡಿಕೊಳ್ಳುವ ಬಗೆ

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮರದ ಕಪಾಟಿನ ಬಾಗಿಲು ಬಿಗಿಯುವುದು, ಮೇಜಿನ ಡ್ರಾಯರು ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುವುದು ಮಂಗಳೂರು–ಉಡುಪಿ ಕಡೆಯ ಎಲ್ಲ ಮನೆಗಳವರಿಗೂ ಗೊತ್ತಿರುವ ಸಂಗತಿ. ಆಗ ಹೆಚ್ಚಿನವರು ಆಚಾರಿಯನ್ನು ಕರೆಸಿ ಅಂಚಿಗೆ ಕೀಸುಳಿ ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಮರವು ಗಾಳಿಯ ತೇವವನ್ನು ಹೀರಿ ಅಡ್ಡಕ್ಕೆ ಹಿಗ್ಗುತ್ತದೆ. ನಾರಿನ ಉದ್ದಕ್ಕೆ ಆಗುವ ಹಿಗ್ಗು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಮಳೆ ನಿಂತು ಗಾಳಿ ಒಣಗಿದಾಗ ಅದೇ ಮರ ಮೊದಲಿನ ಅಳತೆಗೆ ಕುಗ್ಗುತ್ತದೆಯಾದ್ದರಿಂದ, ಜುಲೈಯಲ್ಲಿ ಕೀಸಿದ ಬಾಗಿಲು ಜನವರಿಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡು ನಿಲ್ಲುತ್ತದೆ. ಡ್ರಾಯರಿನ ಭಾರ ಇಳಿಸಿ, ಅದು ಜಾರುವ ಪಟ್ಟಿಗಳಿಗೆ ಮೇಣದ ಬತ್ತಿಯನ್ನು ಒತ್ತಿ ಉಜ್ಜಿ, ಅಕ್ಟೋಬರಿನವರೆಗೆ ಕಾಯುವುದೇ ಸರಿಯಾದ ಚಿಕಿತ್ಸೆ.

ನಮ್ಮದು ಮೂರು ತಲೆಮಾರಿನವರು ಒಟ್ಟಿಗಿರುವ ಮನೆ. ಮಕ್ಕಳು, ವಯಸ್ಸಾದವರು, ವಾರಕ್ಕೆರಡು ಸಲವಾದರೂ ಬಂದುಹೋಗುವ ನೆಂಟರು ಇರುವಲ್ಲಿ ಸಾಮಾನುಗಳಿಗೆ ಪೆಟ್ಟು ಬೀಳುವುದು ಸಹಜ. ಆದರೆ ಇಷ್ಟು ವರ್ಷ ಗಮನಿಸಿದ ಮೇಲೆ ನನಗೆ ಖಚಿತವಾದದ್ದು, ನಮ್ಮ ಊರಿನಲ್ಲಿ ಪೀಠೋಪಕರಣಗಳನ್ನು ಕೆಡಿಸುವುದು ಮಕ್ಕಳ ಕುಣಿತಕ್ಕಿಂತ ಹೆಚ್ಚಾಗಿ ನೀರು. ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುವ ಈ ಕರಾವಳಿಯಲ್ಲಿ, ನೆಲ ಒರೆಸಿದ ಬಟ್ಟೆಯ ನೀರು, ಕುರ್ಚಿಯ ಬೆನ್ನಿಗೆ ಹಾಕಿದ ಒದ್ದೆ ಅಂಗಿ, ಊಟದ ಮೇಜಿನ ಮೇಲಿಟ್ಟ ತಂಬಿಗೆಯ ತಳದ ತೇವ, ಗೋಡೆಯೊಳಗಿಂದ ಬರುವ ಥಂಡಿ ಇವೆಲ್ಲ ಸದ್ದಿಲ್ಲದೆ ಮರವನ್ನು ತಿನ್ನುತ್ತಿರುತ್ತವೆ. ಮುಂದೆ ಹೇಳುವ ಬಹುತೇಕ ಮಾತುಗಳು ನೀರನ್ನು ದೂರವಿಡುವ ಮತ್ತು ಗಾಳಿಯಾಡಲು ಬಿಡುವ ಉಪಾಯಗಳೇ.

ಪತ್ತನಾಜೆಗೆ ಮೊದಲು

ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮನೆಯೊಳಗಿನ ಸಾಮಾನುಗಳನ್ನು ಸರಿಪಡಿಸಿ ಮುಗಿಸಲು ನಾನು ಇಟ್ಟುಕೊಂಡಿರುವ ಗಡುವೂ ಅದೇ.

ಮೊದಲ ಕೆಲಸವೆಂದರೆ ಎಲ್ಲವನ್ನೂ ಗೋಡೆಯಿಂದ ಬಿಡಿಸುವುದು. ಕಪಾಟು, ಮಂಚದ ತಲೆಹಲಗೆ, ಸೋಫಾದ ಬೆನ್ನು ಯಾವುದೂ ಗೋಡೆಗೆ ತಾಗಿರಬಾರದು. ಕನಿಷ್ಠ 3 ಇಂಚು ಅಂತರವಿರಲಿ. ನೈಋತ್ಯದ ಗಾಳಿಮಳೆ ನೇರವಾಗಿ ಬಡಿಯುವ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳ ವಿಚಾರದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ನಮ್ಮಲ್ಲಿ ಹಳೆಯ ಮನೆಗಳೂ ಅನೇಕ ಹೊಸ ಮನೆಗಳೂ ಮುರಕಲ್ಲಿನವು (ಜಂಬಿಟ್ಟಿಗೆ). ಮುರಕಲ್ಲಿನ ಮೈತುಂಬ ರಂಧ್ರಗಳು. ಹೊರಗಿನ ಸಾರಣೆಯಲ್ಲಿ ಕೂದಲೆಳೆಯ ಬಿರುಕು ಇದ್ದರೂ ಕಲ್ಲು ನೀರು ಕುಡಿಯುತ್ತದೆ, ಕುಡಿದ ನೀರು ತಿಂಗಳುಗಟ್ಟಲೆ ಒಳಗೇ ಉಳಿಯುತ್ತದೆ. ಅಂಥ ಗೋಡೆಗೆ ಬೆನ್ನು ಕೊಟ್ಟ ಕಪಾಟಿನ ಹಿಂಬದಿಯ ಪ್ಲೈವುಡ್ ಹಲಗೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಕಪ್ಪಾಗಿರುತ್ತದೆ. ಜಾಗವೇ ಸಾಲದ ಸಣ್ಣ ಕೋಣೆಯಾದರೆ, ನಾಲ್ಕು ತಿಂಗಳ ಮಟ್ಟಿಗಾದರೂ ಕಪಾಟನ್ನು ಒಳಗೋಡೆಯ ಬದಿಗೆ ಸರಿಸುವುದು ಲೇಸು.

ಎರಡನೆಯದು ಕಾಲುಗಳು. ದಿನವೂ ನೆಲ ಒರೆಸುವ ಮನೆಗಳಲ್ಲಿ ಕುರ್ಚಿ, ಮೇಜು, ಮಂಚಗಳ ಕಾಲಿನ ತುದಿ ದಿನಕ್ಕೊಮ್ಮೆ ನೀರಿನಲ್ಲಿ ನೆನೆಯುತ್ತದೆ. ಕಾಲಿನ ತಳದಲ್ಲಿರುವುದು ಮರದ ಕೊಯ್ದ ತುದಿ. ನಾರುಗಳ ಬಾಯಿ ತೆರೆದಿರುವ ಆ ಭಾಗವು ಬದಿಗಿಂತ ಎಷ್ಟೋ ಪಾಲು ಬೇಗ ನೀರನ್ನು ಮೇಲಕ್ಕೆಳೆಯುತ್ತದೆ. ಆಚಾರಿಗಳು ಮೇಲ್ಮೈಗೆ ನಾಲ್ಕು ಕೈ ಪಾಲಿಶ್ ಹೊಡೆದು ಕಾಲಿನ ತಳವನ್ನು ಹಾಗೆಯೇ ಬಿಡುವುದುಂಟು. ಬೇಸಿಗೆಯಲ್ಲಿ ಕುರ್ಚಿಗಳನ್ನು ಬೋರಲು ಹಾಕಿ, ತಳ ಪೂರ್ತಿ ಒಣಗಿದ ಮೇಲೆ ಎರಡು ಮೂರು ಸಲ ವಾರ್ನಿಶ್ ಹಚ್ಚಿ ನೈಲಾನ್ ಬುಷ್ ಹೊಡೆದರೆ ಈ ತೊಂದರೆಯ ಮುಕ್ಕಾಲು ಪಾಲು ಕಳೆಯುತ್ತದೆ. ಅಂಗಡಿಗಳಲ್ಲಿ ಸಿಗುವ ಅಂಟಿಸುವ ಬಟ್ಟೆಯ ಬಿಲ್ಲೆಗಳು ನೆಲಕ್ಕೆ ಗೀರು ಬೀಳದಂತೆ ತಡೆಯುತ್ತವೆ, ನಿಜ. ಆದರೆ ಒರೆಸುವ ನೆಲದಲ್ಲಿ ಅವು ಒದ್ದೆ ಸ್ಪಂಜಿನಂತೆ ನೀರನ್ನು ಹಿಡಿದಿಟ್ಟು ಕಾಲಿಗೇ ಉಣಿಸುತ್ತವೆ. ಅವುಗಳನ್ನು ಮಹಡಿಯ ಒಣ ಕೋಣೆಗಳಲ್ಲಿ ಮಾತ್ರ ಬಳಸಿ. ಉಕ್ಕಿನ ಕಪಾಟುಗಳಿಗೂ ಇದೇ ಕಾಯಿಲೆ: ತುಕ್ಕು ತಳದಿಂದಲೇ ಏರುತ್ತದೆ. ನಾಲ್ಕು ಮೂಲೆಗೆ ಗಟ್ಟಿ ಪ್ಲಾಸ್ಟಿಕ್ ತುಂಡುಗಳನ್ನು ಕೊಟ್ಟು ನೆಲದಿಂದ ಎತ್ತಿ ನಿಲ್ಲಿಸಿ. ಮಲ್ಪೆ, ಪಣಂಬೂರು, ಸುರತ್ಕಲ್‌ಗಳಂತೆ ಕಡಲಿನ ಉಪ್ಪುಗಾಳಿ ತಾಗುವ ಕಡೆ ಇರುವವರು ಬಾಗಿಲಿನ ಕೀಲು ಮತ್ತು ಸ್ಕ್ರೂಗಳಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಬೇಕು. ಕಬ್ಬಿಣದ ಸ್ಕ್ರೂ ತೇವದ ಮರದೊಳಗೆ ತುಕ್ಕು ಹಿಡಿದು, ಸುತ್ತಲಿನ ಮರವನ್ನೂ ಕಪ್ಪಾಗಿಸಿ ಹಿಡಿತ ಕಳೆದುಕೊಳ್ಳುತ್ತದೆ.

ಸೋಫಾದ ಹೊದಿಕೆಗಳನ್ನು ಬಿಚ್ಚಿ ಒಗೆದು, ದಿಂಬು ಮೆತ್ತೆಗಳನ್ನು ಒಂದಿಡೀ ದಿನ ಬಿಸಿಲಿಗೆ ನಿಲ್ಲಿಸಿ ಒಣಗಿಸುವುದಕ್ಕೆ ಕೊನೆಯ ಅವಕಾಶವೂ ಮೇ ತಿಂಗಳೇ. ಬೆವರಿನ ಉಪ್ಪು, ತಲೆಗೆಣ್ಣೆ, ತಿಂಡಿಯ ಪುಡಿ ಉಳಿದಿರುವ ಬಟ್ಟೆಯ ಮೇಲೆಯೇ ಬೂಷ್ಟು ಮೊದಲು ಏಳುವುದು.

ಮಳೆಗಾಲದ ನಡುವೆ

ಗಾಳಿಯ ಆರ್ದ್ರತೆ ಶೇಕಡಾ 70 ದಾಟಿ ಹಾಗೆಯೇ ಉಳಿದರೆ ಬೂಷ್ಟಿಗೆ ಅದೇ ಸಾಕು. ನಮ್ಮಲ್ಲಿ ಜೂನ್‌ನಿಂದ ಅದು ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಅದರ ಮೇಲೆ, ಏಳೆಂಟು ಜನರ ಒದ್ದೆ ಬಟ್ಟೆಗಳನ್ನು ಮನೆಯೊಳಗೇ ಒಣಗಿಸುತ್ತೇವೆ. ಆ ಬಟ್ಟೆಗಳಿಂದ ಹೋದ ನೀರೆಲ್ಲ ಕೋಣೆಯ ಗಾಳಿಗೆ, ಅಲ್ಲಿಂದ ಮರಕ್ಕೆ ಮತ್ತು ಮೆತ್ತೆಗೆ ಸೇರುತ್ತದೆ. ಆದ್ದರಿಂದ ಬಟ್ಟೆ ಒಣಗಿಸಲು ಒಂದೇ ಕೋಣೆಯನ್ನು ಗೊತ್ತುಮಾಡಿ, ಆ ಕೋಣೆಯಲ್ಲಿ ಮರದ ಸಾಮಾನು ಆದಷ್ಟು ಕಡಿಮೆ ಇರುವಂತೆ ನೋಡಿಕೊಂಡು, ಫ್ಯಾನ್ ಹಾಕಿ ಕಿಟಕಿಯನ್ನು ಸ್ವಲ್ಪ ತೆರೆದಿಡಿ. ನಾಳೆ ಬೆಳಿಗ್ಗೆ ಶಾಲೆಗೆ ಬೇಕಾದ ಯೂನಿಫಾರ್ಮನ್ನು ಊಟದ ಕುರ್ಚಿಯ ಬೆನ್ನಿಗೆ ಹರಡುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಒಂದೇ ಮಳೆಗಾಲದಲ್ಲಿ ಎರಡು ಕುರ್ಚಿಗಳ ಮೇಲಂಚಿನ ಪಾಲಿಶ್ ಬಿಳುಚಿ ಪದರ ಪದರವಾಗಿ ಎದ್ದಮೇಲೆ, ಆ ಕೆಲಸಕ್ಕೆಂದೇ ಮಡಚುವ ಸ್ಟ್ಯಾಂಡ್ ಒಂದನ್ನು ತಂದೆವು. ಹಾಗೆಯೇ ಕೊಡೆ, ರೈನ್‌ಕೋಟು, ನೀರಿಳಿಯುವ ಶಾಲೆಚೀಲಗಳಿಗೆ ಜಗಲಿಯಲ್ಲೇ ಗೂಟಗಳಿರಲಿ. ಗೂಟವು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿದ್ದರೆ ಅವರು ಅದನ್ನು ಬಳಸುತ್ತಾರೆ; ದೊಡ್ಡವರ ಎತ್ತರದಲ್ಲಿದ್ದರೆ ಚೀಲ ಸೋಫಾದ ಮೇಲೆಯೇ ಬೀಳುತ್ತದೆ.

ಕಪಾಟುಗಳನ್ನು ತುಂಬಿ ತುರುಕಬೇಡಿ, ಹೊಳವಾದ ದಿನ ಎರಡು ಗಂಟೆಯಾದರೂ ಬಾಗಿಲು ತೆರೆದು ಫ್ಯಾನಿನ ಗಾಳಿ ಹೋಗುವಂತೆ ಮಾಡಿ. ತೇವ ಹೀರುವ ಡಬ್ಬಿಗಳು ಪ್ರಯೋಜನಕಾರಿಯೇ, ಆದರೆ ಅವುಗಳ ತಳದಲ್ಲಿ ಸಂಗ್ರಹವಾಗುವುದು ತೀಕ್ಷ್ಣವಾದ ಉಪ್ಪುನೀರು. ಅದು ಚೆಲ್ಲಿದರೆ ಕೀಲುಗಳಿಗೆ ತುಕ್ಕು, ಬಟ್ಟೆಗೆ ಕಲೆ. ಮಕ್ಕಳ ಕೈಗೆ ಸಿಗಲೇಬಾರದು. ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುವ ಹಳೆಯ ಪದ್ಧತಿಯನ್ನು ನಾನು ಯಾರಿಗೂ ಹೇಳುವುದಿಲ್ಲ, ಬಟ್ಟೆ ಜಾರಿ ಬಲ್ಬಿಗೆ ತಾಗಿದರೆ ಬೆಂಕಿ.

ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಕೊಡವಬೇಡಿ. ಕೊಡವಿದಷ್ಟೂ ಅದರ ಪುಡಿ ಹಾರಿ ಕೋಣೆಯೆಲ್ಲ ಹರಡುತ್ತದೆ, ಉಬ್ಬಸವಿರುವವರಿಗೆ ತೊಂದರೆಯಾಗುತ್ತದೆ. ಮೂಗುಬಾಯಿಗೆ ಮಾಸ್ಕ್ ಹಾಕಿಕೊಂಡು, ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಬೆನ್ನಿಗೇ ಒಣಬಟ್ಟೆಯಿಂದ ಒರೆಸಿ, ಫ್ಯಾನಿನಡಿಯಲ್ಲಿ ಆರಿಸಿ. ಬೆತ್ತದ ಕುರ್ಚಿಗಳನ್ನಾದರೆ ಉಪ್ಪು ಬೆರೆಸಿದ ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ತಿಕ್ಕಿ ಗಾಳಿಗಿಡಬಹುದು. ಜೋತುಬಿದ್ದ ಬೆತ್ತದ ನೇಯ್ಗೆಯ ಅಡಿಭಾಗವನ್ನು ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ನೆನೆಸಿ, ಯಾರೂ ಕೂರದಂತೆ ಎರಡು ದಿನ ಒಣಗಲು ಬಿಟ್ಟರೆ ಅದು ತಾನಾಗಿ ಬಿಗಿಯುತ್ತದೆ. ಬೆತ್ತ ಮುರಿದಿರಬಾರದು, ಅಷ್ಟೇ.

ಊಟದ ಮೇಜು

ಮನೆಯ ಎಲ್ಲ ಸಾಮಾನುಗಳಲ್ಲಿ ಹೆಚ್ಚು ಕಷ್ಟಪಡುವುದು ಊಟದ ಮೇಜು. ಅದರ ಆರೈಕೆಗೆ ಮೊದಲು ಅದಕ್ಕೆ ಯಾವ ಪಾಲಿಶ್ ಆಗಿದೆ ಎಂಬುದನ್ನು ತಿಳಿಯಬೇಕು. ಮೇಜಿನ ಅಡಿಯಲ್ಲಿ ಕಾಣದ ಜಾಗವೊಂದಕ್ಕೆ ಹತ್ತಿಯ ತುದಿಯಿಂದ ಒಂದು ಹನಿ ಸ್ಪಿರಿಟ್ ಹಚ್ಚಿ ನೋಡಿ. ಅಂಟಂಟಾದರೆ ಅದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಹಳೆಯ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಬಹುಶಃ ಈಗಿನ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್. ಅರಗಿನ ಪಾಲಿಶ್ ನೋಡಲು ಬಲು ಚಂದ, ಆದರೆ ಅದಕ್ಕೆ ಮೂರು ಶತ್ರುಗಳು: ಬಿಸಿ, ಸ್ಪಿರಿಟ್ ಮತ್ತು ಕ್ಷಾರ. ಕೈಗೆ ಹಚ್ಚುವ ಸ್ಯಾನಿಟೈಸರ್ ಸ್ಪಿರಿಟ್ಟೇ. ಬಟ್ಟೆ ಸೋಪಿನ ನೀರೂ, ಹರಿವಾಣದಿಂದ ಉದುರಿದ ವೀಳ್ಯದ ಸುಣ್ಣವೂ ಕ್ಷಾರವೇ. ಹಾಗಾಗಿ ಅರಗಿನ ಪಾಲಿಶ್‌ನ ಮೇಜನ್ನು ಒರೆಸಲು ಬರೀ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಅದರ ಹಿಂದೆಯೇ ಒಣಬಟ್ಟೆ, ಇಷ್ಟು ಸಾಕು.

ನಮ್ಮ ಮೇಜು ಅಜ್ಜಿಮನೆಯಿಂದ ಬಂದ ಹಲಸಿನ ಮರದ್ದು. ಒಂದು ರಾತ್ರಿ ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸಿದವರು ನೇರವಾಗಿ ಅದರ ಮೇಲಿಟ್ಟರು. ಪಾತ್ರೆ ತೆಗೆದಾಗ ತಳದಷ್ಟೇ ಅಗಲದ ಬಿಳಿ ಬಳೆ ಮೂಡಿತ್ತು: ಅಂಚು ಹಾಲಿನಂತೆ ದಟ್ಟ, ನಡುವೆ ಮಂಜು ಕವಿದಂತೆ ತೆಳು. ಗಾಬರಿಯಲ್ಲಿ ಸೋಪು ಹಾಕಿ ಉಜ್ಜಿದ್ದರಿಂದ ಅದು ಇನ್ನೂ ಅಗಲವಾಯಿತು. ಮರುವಾರ ಬಂದ ಪಾಲಿಶ್ ಕೆಲಸದವರು ಬೆರಳಿನಿಂದ ಸವರಿ ನೋಡಿ, "ಬಿಳಿ ಆದರೆ ಹೆದರಿಕೆ ಇಲ್ಲ, ಕಪ್ಪಾದರೆ ಮಾತ್ರ ಯೋಚನೆ ಮಾಡಬೇಕು" ಎಂದರು. ಬಿಳಿ ಕಲೆಯೆಂದರೆ ತೇವವು ಪಾಲಿಶ್‌ನ ಪದರದಲ್ಲಿ ಮಾತ್ರ ಸಿಕ್ಕಿಕೊಂಡಿದೆ ಎಂದರ್ಥ. ಕಪ್ಪು ಕಲೆಯೆಂದರೆ ನೀರು ಮರದೊಳಗೇ ಇಳಿದಿದೆ. ಅವರು ಮೇಜಿನ ಮೇಲೆ ದಪ್ಪನೆಯ ಒಣ ಹತ್ತಿಬಟ್ಟೆಯನ್ನು ಎರಡು ಮಡಿಕೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಎಲ್ಲಕ್ಕಿಂತ ಕಡಿಮೆ ಬಿಸಿಯಲ್ಲಿಟ್ಟು, ಆವಿಯಿಲ್ಲದೆ, ಎಣಿಸಿ ಐದು ಸೆಕೆಂಡು ಒತ್ತಿ ಎತ್ತಿದರು. ಬಟ್ಟೆ ಸರಿಸಿ ನೋಡಿ, ಮತ್ತೆ ಐದು ಸೆಕೆಂಡು. ಏಳೆಂಟು ಸಲ ಹೀಗೆ ಮಾಡಿದಾಗ ನಡುವಿನ ಮಂಜು ಕರಗಿತು. ಉಳಿದ ಅಂಚಿಗೆ ತೆಂಗಿನೆಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮೃದುವಾಗಿ ಒರೆಸಿದೆವು. ಓರೆಯಾಗಿ ಬೆಳಕು ಬಿದ್ದಾಗ ತೆಳುವಾದ ಗೆರೆಯೊಂದು ಈಗಲೂ ಕಾಣಿಸುತ್ತದೆ, ಅಷ್ಟೇ. ಆತುರಪಟ್ಟು ಇಸ್ತ್ರಿಪೆಟ್ಟಿಗೆಯನ್ನು ಹೆಚ್ಚು ಹೊತ್ತು ಒತ್ತಿದರೆ ಅರಗು ಕರಗಿ ಬಟ್ಟೆಯೇ ಅಂಟಿಕೊಳ್ಳುತ್ತದೆ, ಎಚ್ಚರ.

ಅಂದಿನಿಂದ ಮೇಜಿನ ನಡುವೆ ಮರದ ಅಡಿಮಣೆಯೊಂದು ಖಾಯಂ ಇದೆ. ಬಿಸಿಪಾತ್ರೆ ಬಂದ ಮೇಲೆ ಮಣೆ ಹುಡುಕುವುದಾದರೆ ಯಾರೂ ಹುಡುಕುವುದಿಲ್ಲ. ಮಣೆ ಮೊದಲೇ ಅಲ್ಲಿದ್ದರೆ ಪಾತ್ರೆ ತಾನಾಗಿ ಅದರ ಮೇಲೆ ಕೂರುತ್ತದೆ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಪಾಡುವವರೂ ಇದ್ದಾರೆ. ನನ್ನ ಅನುಭವದಲ್ಲಿ ಅದು ಕಾಪಾಡುವುದಕ್ಕಿಂತ ಕೆಡಿಸುವುದೇ ಹೆಚ್ಚು. ಅಂಚಿನಿಂದ ಒಳನುಗ್ಗಿದ ನೀರು ಹೊರಬರಲಾಗದೆ ಹಾಳೆಯಡಿ ದಿನಗಟ್ಟಲೆ ನಿಲ್ಲುತ್ತದೆ. ಹಾಸಲೇಬೇಕೆಂದಿದ್ದರೆ ದಪ್ಪ ಹತ್ತಿಬಟ್ಟೆ ಹಾಸಿ, ಒದ್ದೆಯಾದೊಡನೆ ತೆಗೆಯಿರಿ.

ಹಲಸಿನ ಹಣ್ಣಿನ ದಿನಗಳಲ್ಲಿ ಮೇಣದ ಕಾಟ ಬೇರೆ. ಹಣ್ಣನ್ನು ಜಗಲಿಯಲ್ಲಿ ಬಾಳೆಲೆ ಅಥವಾ ಹಳೆಯ ಪತ್ರಿಕೆಯ ಮೇಲೆ ಕೊಯ್ಯುವುದೇ ವಾಸಿ. ಮೇಜಿಗೆ ಮೇಣ ತಾಗಿದ್ದರೆ ಚೂರಿಯಿಂದ ಕೆರೆಯಬೇಡಿ, ನೀರೂ ಹಾಕಬೇಡಿ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಉರುಳಿಸಿ ತೆಗೆದರೆ ಪೂರ್ತಿ ಬಿಡುತ್ತದೆ. ಇನ್ನು ಮೀನುಸಾರು, ಸಾಂಬಾರು ಚೆಲ್ಲಿದಾಗ ಉಳಿಯುವ ಅರಿಶಿನದ ಕಲೆ. ಸೋಫಾದ ಬಟ್ಟೆಯ ಮೇಲಿನ ಈ ಕಲೆಗೆ ಸೋಪು ತಾಗಿಸಿದೊಡನೆ ಅದು ಕೆಂಪಗಾಗುತ್ತದೆ. ಅರಿಶಿನ ಸುಣ್ಣ ಸೇರಿದಾಗ ಕುರುದಿ ನೀರು ಕೆಂಪಾಗುವುದೂ ಇದೇ ಗುಣದಿಂದ, ಆದ್ದರಿಂದ ಹೆದರಬೇಕಾಗಿಲ್ಲ. ತಣ್ಣೀರಿನಲ್ಲಿ ಜಿಡ್ಡು ಹೋಗುವಂತೆ ತೊಳೆದು, ಒಗೆದ ಹೊದಿಕೆಯನ್ನು ಎರಡು ಮೂರು ದಿನ ನೇರ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬೆಳಕಿಗೆ ತಾಳುವುದಿಲ್ಲ, ಬಿಸಿಲೇ ಅದನ್ನು ಅಳಿಸುತ್ತದೆ.

ಮಕ್ಕಳು, ಹಿರಿಯರು

ಕ್ರೇಯಾನ್ ಗೀರಿದರೆ ತೆಂಗಿನೆಣ್ಣೆಯಿಂದ ಒರೆಸಬಹುದು. ಬಾಲ್‌ಪೆನ್ನಿನ ಗೀರು ಲ್ಯಾಮಿನೇಟ್ ಅಥವಾ ಪಿಯು ಮೇಲಿದ್ದರೆ ಹತ್ತಿಗೆ ಸ್ವಲ್ಪ ಸ್ಪಿರಿಟ್ ತಾಗಿಸಿ ತೆಗೆಯಬಹುದು, ಅರಗಿನ ಪಾಲಿಶ್ ಮೇಲೆ ಖಂಡಿತ ಕೂಡದು. ಗೀರಬೇಡ ಎನ್ನುವುದಕ್ಕಿಂತ, ಗೀರಿದರೂ ಚಿಂತೆಯಿಲ್ಲದ ಒಂದು ಹಳೆಯ ಮೇಜನ್ನು ಮಕ್ಕಳಿಗೇ ಬಿಟ್ಟುಕೊಟ್ಟರೆ ಉಳಿದ ಸಾಮಾನು ಬದುಕುತ್ತದೆ, ಮಕ್ಕಳ ಮನಸ್ಸೂ ಹಗುರಾಗುತ್ತದೆ. ಎತ್ತರದ ಕಪಾಟು ಮತ್ತು ಡ್ರಾಯರ್ ಸಾಲುಗಳನ್ನು ಮಾತ್ರ, ಮೊದಲು ಹೇಳಿದ ಅಂತರವನ್ನು ಉಳಿಸಿಕೊಂಡೇ, ಕಬ್ಬಿಣದ ಮೂಲೆಪಟ್ಟಿಯಿಂದ ಗೋಡೆಗೆ ಬಿಗಿಯಲೇಬೇಕು. ತೆರೆದ ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಮಗು ಹತ್ತಿದರೆ ಇಡೀ ಕಪಾಟು ಮುಂದಕ್ಕೆ ಮಗುಚುತ್ತದೆ. ಅಲ್ಲಿ ಕಾಪಾಡಬೇಕಾದುದು ಮರವನ್ನಲ್ಲ, ಮಗುವನ್ನು.

ತಲೆಗೆ ದಿನವೂ ಎಣ್ಣೆ ಹಚ್ಚುವ ಹಿರಿಯರ ಆರಾಮಕುರ್ಚಿಯ ತಲೆಯೊರಗುವ ಜಾಗಕ್ಕೆ ಒಂದು ಬೈರಾಸು (ಟವೆಲು) ಹಾಕಿ, ಎರಡು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಸೋಫಾಕ್ಕೆ ಹಳೆಯ ಕೈಮಗ್ಗದ ಹತ್ತಿ ಸೀರೆಯನ್ನು ಹೊಲಿಸಿ ಹಾಕಿದರೆ ಒಗೆಯಲೂ ಸುಲಭ, ಬೇಗ ಒಣಗುತ್ತದೆ. ಹೊಸ ಸೋಫಾ ಕೊಳ್ಳುವವರಿಗೆ ಒಂದು ಮಾತು: ಪಿಯು ಲೇಪದ ಕೃತಕ ಚರ್ಮವು ನಮ್ಮ ಬಿಸಿತೇವದ ಗಾಳಿಯಲ್ಲಿ ಕೆಲವೇ ವರ್ಷಗಳಲ್ಲಿ ಸಿಪ್ಪೆಯೇಳುತ್ತದೆ, ಏಕೆಂದರೆ ಆ ಲೇಪವನ್ನು ತೇವವೇ ಒಡೆಯುತ್ತದೆ. ಬಿಚ್ಚಿ ಒಗೆಯಬಹುದಾದ ಬಟ್ಟೆಯ ಹೊದಿಕೆಯನ್ನೇ ಕೇಳಿ.

ಗೆದ್ದಲು ಮತ್ತು ಕೊರೆಯುವ ಹುಳ

ಕೆಲವು ಕಡೆ ಒರಲೆ ಎನ್ನುವ ಗೆದ್ದಲು ಮಣ್ಣಿನಿಂದ ಬರುತ್ತದೆ; ಗೋಡೆಯ ಬುಡದಲ್ಲಿ, ಕಪಾಟಿನ ಹಿಂದೆ ಮಣ್ಣಿನ ಕೊಳವೆ ಕಟ್ಟಿಕೊಂಡು ಏರುತ್ತದೆ. ಕೊಳವೆಯ ಒಂದು ಇಂಚನ್ನು ಮಾತ್ರ ಒಡೆದು, ನಾಲ್ಕು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಓಡಾಟವಿದೆ. ಮೊದಲ ಮಳೆಯ ಸಂಜೆ ದೀಪಕ್ಕೆ ಬರುವ ರೆಕ್ಕೆಹುಳಗಳು ಹೊರಗಿನಿಂದ ಬಂದರೆ ಚಿಂತೆಯಿಲ್ಲ, ಮುಚ್ಚಿದ ಕೋಣೆಯೊಳಗೆ ಉದುರಿದ ರೆಕ್ಕೆಗಳ ರಾಶಿ ಕಂಡರೆ ಗೂಡು ಮನೆಯಲ್ಲೇ ಇದೆ. ಕಂಡ ಹುಳಗಳಿಗೆ ಸ್ಪ್ರೇ ಹೊಡೆದು ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ. ಕಟ್ಟಿದ ಮನೆಗಳಿಗೆ ಗೆದ್ದಲು ನಿರೋಧಕ ಕೆಲಸ ಹೇಗೆ ಮಾಡಬೇಕೆಂಬುದಕ್ಕೆ ಐಎಸ್ 6313ರ 3ನೇ ಭಾಗ ಎಂಬ ಭಾರತೀಯ ಮಾನಕವೇ ಇದೆ: ನೆಲ ಗೋಡೆ ಸೇರುವಲ್ಲಿ ತೂತು ಕೊರೆದು, ಔಷಧಿಯನ್ನು ಮಣ್ಣಿಗೇ ಇಳಿಸಬೇಕು. ಕೆಲಸ ವಹಿಸುವಾಗ ಈ ಮಾನಕದಂತೆ ಮಾಡುತ್ತೀರಾ ಎಂದು ಕೇಳಿ.

ಕೊರೆಯುವ ಹುಳದ ದಾರಿ ಬೇರೆ. ಅದಕ್ಕೆ ಬೇಕಾದುದು ಮರದ ಹೊರಪದರದ ಬಿಳಿ ಭಾಗದಲ್ಲಿರುವ ಪಿಷ್ಟ. ಸಾಗುವಾನಿ, ಹಲಸುಗಳ ಕೆಚ್ಚು ಹೆಚ್ಚಾಗಿ ಉಳಿದುಕೊಳ್ಳುತ್ತದೆ. ಬಿಳಿ ಭಾಗ ಸೇರಿಸಿ ಮಾಡಿದ ಸಾಮಾನು ಮತ್ತು ಔಷಧಿ ಕುಡಿಸದ ರಬ್ಬರ್ ಮರ ಪುಡಿಯಾಗುತ್ತದೆ. ಸಣ್ಣ ತೂತುಗಳು ಕಂಡಲ್ಲಿ ಅಡಿಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಗೋಧಿಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಹುಳ ಜೀವಂತವಿದೆ, ಆ ಸಾಮಾನನ್ನು ಉಳಿದವುಗಳಿಂದ ದೂರ ಸರಿಸಿ ಚಿಕಿತ್ಸೆ ಮಾಡಿಸಿ; ಬೀಳದಿದ್ದರೆ ಅವು ಬಹುಶಃ ಹಳೆಯ ತೂತುಗಳು, ಮೇಣ ತುಂಬಿ ಗುರುತು ಮಾಡಿಟ್ಟು ಮುಂದಿನ ವರ್ಷ ಮತ್ತೆ ನೋಡಿ. ರಬ್ಬರ್ ಮರದ ಸಾಮಾನು ಕೊಳ್ಳುವಾಗ ಬೋರಿಕ್ ಆಮ್ಲ ಮತ್ತು ಬೊರಾಕ್ಸ್ ದ್ರಾವಣ ಕುಡಿಸಿದ ಮರವೇ ಎಂದು ವಿಚಾರಿಸಿ. ಪ್ಲೈವುಡ್ ಕಪಾಟು ಮಾಡಿಸುವವರು ಅಡುಗೆಮನೆ, ಸ್ನಾನಗೃಹದ ಪಕ್ಕದ ಗೋಡೆಗಳಿಗಾದರೂ ಐಎಸ್ 710 ಮುದ್ರೆಯ ಹಲಗೆ ತರಿಸಿಕೊಳ್ಳಿ. 72 ಗಂಟೆ ಕುದಿವ ನೀರಿನಲ್ಲಿಟ್ಟರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ.

ಮಳೆ ಹೋದ ಮೇಲೆ

ಚೌತಿಗೋ ನವರಾತ್ರಿಗೋ ಮನೆ ಚಂದ ಕಾಣಲೆಂದು ಆಗಲೇ ಪಾಲಿಶ್ ಮಾಡಿಸುವವರು ಬಹಳ. ತೇವದ ಗಾಳಿಯಲ್ಲಿ ಹಚ್ಚಿದ ಅರಗಿನ ಪಾಲಿಶ್ ಒಣಗುವಾಗಲೇ ನೀರಿನಂಶವನ್ನು ಒಳಗೆಳೆದುಕೊಂಡು ಬಿಳುಚುತ್ತದೆ, ನೆನೆದ ಮರದೊಳಗಿನ ತೇವವೂ ಪದರದಡಿ ಸಿಕ್ಕಿಬೀಳುತ್ತದೆ. ದೀಪಾವಳಿ ಕಳೆಯಲಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ದಿನಗಳಲ್ಲಿ, ಮಳೆಗಾಲದಲ್ಲಿ ಬಿಗಿದಿದ್ದ ಬಾಗಿಲು ಡ್ರಾಯರುಗಳು ತಾವಾಗಿ ಸಡಿಲವಾಗಿವೆಯೇ ಎಂದು ಮೊದಲು ಪರೀಕ್ಷಿಸಿ. ಆಗಲೂ ಬಿಗಿಯಾಗಿರುವುದಕ್ಕೆ ಮಾತ್ರ ಕೀಸುಳಿ ಹಾಕಿಸಿ, ಕೀಸಿದ ಅಂಚಿಗೆ ಅಂದೇ ಪಾಲಿಶ್ ಹಚ್ಚಿಸಿ. ಮೇಲ್ಮೈಯ ಜೊತೆಗೆ ಅಡಿಭಾಗ, ಬೆನ್ನು, ಕಾಲಿನ ತಳಕ್ಕೂ ಒಂದೊಂದು ಕೈ ಹೊಡೆಯುವಂತೆ ಮುಂಚಿತವಾಗಿಯೇ ಹೇಳಿ ಮಜೂರಿ ಮಾತಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಹೇಳಿದರೆ ಆಗುವುದಿಲ್ಲ. ಪಾಲಿಶ್ ಆದ ಮೇಜಿನ ಮೇಲೆ ಎರಡು ವಾರ ಬಿಸಿಪಾತ್ರೆಯನ್ನಾಗಲಿ, ಒದ್ದೆ ಲೋಟವನ್ನಾಗಲಿ ಇಡದೆ, ಅಷ್ಟು ದಿನ ಮನೆಮಂದಿಯೆಲ್ಲ ಚಾವಡಿಯಲ್ಲಿ ಚಾಪೆ ಹಾಸಿ ಊಟಕ್ಕೆ ಕುಳಿತುಕೊಳ್ಳಬಹುದು.